ನಾಲ್ಕನೇ ಚೌಕದಲ್ಲಿ ‘ಪರವಾಗಿಲ್ಲ’

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೇಳಿ ಮುಗಿಸುವಷ್ಟರಲ್ಲಿ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿಬಿಡುವ ಪೈಕಿ ನಾನು. ಇಪ್ಪತ್ತೆಂಟು ವರ್ಷದಿಂದ ಕುರುಬರಹಳ್ಳಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ಬೇರೆಯವರ ಮಾತಿನಲ್ಲಿ ತಪ್ಪು ಹುಡುಕುವುದು ನನ್ನ ಕಸುಬು, ನನ್ನ ಗಂಡ ಹೇಳುವ ಪ್ರಕಾರ ಚಟ. ಅಂಥ ನಾನೇ ಒಂದು ಪದವನ್ನು ಕೂರಿಸಬಾರದ ಜಾಗದಲ್ಲಿ ಕೂರಿಸಿದೆ. ಅದರಿಂದ ಹೆಗ್ಗನಹಳ್ಳಿಯ ಒಂದು ಬೀದಿಗೆ ಸಿಗಬೇಕಾದದ್ದು ಕೈತಪ್ಪಿ ಹೋಗುವುದರಲ್ಲಿತ್ತು.

ಒಂದು ಸಂಸ್ಥೆಯವರು ‘ನೆಮ್ಮದಿ ಸಮೀಕ್ಷೆ’ ಮಾಡುತ್ತೇವೆಂದು ನಮ್ಮ ಶಾಲೆಗೆ ಬಂದಿದ್ದರು. ಊರು ಮುಂದುವರಿದಿದೆಯೋ ಇಲ್ಲವೋ ಅನ್ನುವುದನ್ನು ಕಟ್ಟಡ, ಕಾರು, ವರಮಾನ ಎಣಿಸಿ ಹೇಳಿದ್ದು ಸಾಕು, ಜನ ಹೇಗಿದ್ದಾರೆ ಅಂತ ಜನರನ್ನೇ ಕೇಳೋಣ ಎನ್ನುವುದು ಅವರ ಯೋಚನೆ. ನಿದ್ದೆ ಹೇಗೆ ಬರುತ್ತದೆ, ಮನೆಯವರ ಜೊತೆ ಕೂತು ಉಣ್ಣಲು ಹೊತ್ತು ಸಿಗುತ್ತದೆಯೇ, ಕಷ್ಟಕ್ಕೆ ನೆರೆಯವರು ಆಗುತ್ತಾರೆಯೇ, ಕೆಲಸಕ್ಕೆ ಹೋದಾಗ ಮನೆಯ ಬಗ್ಗೆ ಮನಸ್ಸು ಹೇಗಿರುತ್ತದೆ, ಇಂಥವು. ನಮ್ಮ ಕಡೆಯ ಎಂಟು ಬೀದಿಗಳನ್ನು ಆರಿಸಿಕೊಂಡಿದ್ದರು. ಯಾವ ಬೀದಿಗೆ ನೆಮ್ಮದಿ ಎಲ್ಲಕ್ಕಿಂತ ಕಡಿಮೆಯೋ ಆ ಬೀದಿಯವರು ಕೇಳಿದ ಒಂದು ಸೌಲಭ್ಯವನ್ನು ಸಂಸ್ಥೆ ಮಾಡಿಕೊಡುತ್ತದೆ. ಒಂದು ಬಾಡಿಗೆ ಕೋಣೆ, ಅದನ್ನು ನೋಡಿಕೊಳ್ಳಲು ಇಬ್ಬರು, ಅಷ್ಟರೊಳಗೆ ಏನಾಗುತ್ತದೋ ಅದು.

ಪ್ರತಿ ಪ್ರಶ್ನೆಗೂ ಐದು ಚೌಕ. ಒಂದನೆಯದು ತೀರಾ ಕೆಟ್ಟದ್ದು, ಐದನೆಯದು ತುಂಬಾ ಒಳ್ಳೆಯದು. ನಾಲ್ಕನೆಯ ಚೌಕದ ಕೆಳಗೆ ‘ತೃಪ್ತಿದಾಯಕ’ ಎಂದು ಬರೆದಿದ್ದರು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

“ಯಾರಮ್ಮ ಹೀಗ್ ಮಾತಾಡ್ತಾರೆ? ನಿದ್ದೆ ಹೇಗ್ ಬರತ್ತೆ ಅಂತ ಕೇಳಿದ್ರೆ ತೃಪ್ತಿದಾಯಕವಾಗಿ ಬರತ್ತೆ ಅಂತಾರಾ?” ಎಂದು ಸಮೀಕ್ಷೆಯ ಮುಖ್ಯಸ್ಥೆಯನ್ನು ಕೇಳಿದೆ. ಮೂವತ್ತರ ಆಸುಪಾಸಿನ ಹುಡುಗಿ, ತುಂಬಾ ಓದಿಕೊಂಡವಳು. ಬೇಜಾರು ಮಾಡಿಕೊಳ್ಳದೆ, “ಮತ್ತೆ ಏನಂತಾರೆ ಮೇಡಂ?” ಎಂದಳು.

“ಪರವಾಗಿಲ್ಲ ಅಂತಾರೆ. ನಮ್ಮ ಜನ ಚೆನ್ನಾಗಿದೀವಿ ಅಂತ ಬಾಯಿಬಿಟ್ಟು ಹೇಳಲ್ಲ, ದೃಷ್ಟಿ ಆಗತ್ತೆ ಅಂತ ಭಯ. ಚೆನ್ನಾಗಿದ್ರೂ ಪರವಾಗಿಲ್ಲ ಅಂತಾನೇ ಹೇಳೋದು. ನಾಲ್ಕನೇ ಚೌಕದಲ್ಲಿ ಅದನ್ನ ಹಾಕಿ.”

ಅವಳು ಹಾಕಿದಳು. ಅಚ್ಚಾಗಿ ಬಂದ ಹಾಳೆಯಲ್ಲಿ ನನ್ನ ಪದ ನೋಡಿ ನಾನು ಬೀಗಿದ್ದೇ ಬೀಗಿದ್ದು.

ನನಗೆ ಗೊತ್ತಿರಬೇಕಿತ್ತು. ನಮ್ಮಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಯಾರು ಹೇಗಿದೀರಿ ಎಂದು ಕೇಳಿದರೂ, ಹಣೆಯ ವಿಭೂತಿ ಸರಿಮಾಡಿಕೊಂಡು, “ಪರವಾಗಿಲ್ಲಪ್ಪ” ಎನ್ನುತ್ತಿದ್ದರು. ಅವರು ಮಧ್ಯಾಹ್ನದ ಊಟ ಬಿಟ್ಟಿದ್ದಾರೆಂದು ಅಮ್ಮನಿಗೆ ತಿಳಿದದ್ದು ಅವರ ಬೆಲ್ಟಿನಲ್ಲಿ ಮೊಳೆಯಿಂದ ಚುಚ್ಚಿದ ಎರಡು ಹೊಸ ತೂತು ಕಂಡಾಗ. ಆ ತೂತನ್ನು ನಾನೂ ನೋಡಿದ್ದೆ. ನೋಡಿ ಮರೆತಿದ್ದೆ.

ನನ್ನ ಗಂಡನಿಗೆ ಈ ಸಮೀಕ್ಷೆಯ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಊರು ಬೆಳೆಯುವುದನ್ನು ನೋಡುವುದೇ ಹಬ್ಬ. ಮಾಗಡಿ ರೋಡಿನಲ್ಲಿ ಹೊಸ ಕಂಬ ಎದ್ದರೆ ಹೋಗಿ ನಿಂತು ನೋಡಿಬರುತ್ತಾರೆ.

“ನಾವು ಬಸವೇಶ್ವರನಗರಕ್ಕೆ ಬಂದಾಗ ಇಲ್ಲಿ ಏನಿತ್ತೇ? ಈಗ ನೋಡು, ಎಷ್ಟು ಬೆಳ್ದಿದೆ. ಊರು ಬೆಳದ್ರೆ ನೆಮ್ಮದಿ ತಾನಾಗೇ ಹಿಂದೆ ಬರತ್ತೆ ಕಣೇ.”

“ನಮ್ಮಮ್ಮ ಏನ್ ಹೇಳ್ತಿದ್ಲು ಗೊತ್ತಾ? ಊದ್ಕೊಂಡಿದ್ದೆಲ್ಲ ಮೈ ಬಂದಂಗಲ್ಲ ಅಂತ. ಕಾಲು ಊದಿದ್ರೂ ದಪ್ಪಾನೇ ಕಾಣತ್ತೆ. ಒತ್ತಿ ನೋಡ್ಬೇಕು.”

“ಸರಿ, ಒತ್ತಿ ನೋಡ್ಕೊಂಡ್ ಬಾ” ಎಂದು ನಕ್ಕು ಪೇಪರಿನೊಳಗೆ ಮುಖ ಹುದುಗಿಸಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಮನೆಮನೆಗೆ ಹೋಗಿ ಕೇಳುವ ಕೆಲಸಕ್ಕೆ ಸಂಸ್ಥೆಯವರು ನಮ್ಮಂಥ ಶಿಕ್ಷಕರನ್ನೇ ಸೇರಿಸಿಕೊಂಡಿದ್ದರು, ನನ್ನ ಪಾಲಿಗೆ ಬಂದದ್ದು ಹೆಗ್ಗನಹಳ್ಳಿಯ ಒಂದು ಅಡ್ಡಬೀದಿ. ಎರಡೂ ಕಡೆ ಒಂದೊಂದು ಕೋಣೆಯ ಸಾಲುಮನೆಗಳು. ಹೆಂಗಸರು ಬಹುಪಾಲು ಗಾರ್ಮೆಂಟ್ಸಿನವರು, ಸುತ್ತಮುತ್ತಲ ಚಿಕ್ಕ ಚಿಕ್ಕ ಯೂನಿಟ್ಟುಗಳಲ್ಲಿ ಹೊಲಿಯುವವರು. ಭಾನುವಾರ ಸಂಜೆ ಹೋದೆ. ಹಸಿರು ಬಾಗಿಲಿನ ಒಂದು ಮನೆಯಲ್ಲಿ ಇಪ್ಪತ್ತಾರು ಇಪ್ಪತ್ತೇಳರ ಒಬ್ಬ ತಾಯಿ, ಹೆಗಲ ಮೇಲೆ ಎರಡೂವರೆ ವರ್ಷದ ಹೆಣ್ಣುಮಗು ನಿದ್ದೆ ಹೋಗಿತ್ತು. ಗಂಡ ಬಿಟ್ಟುಹೋಗಿ ವರ್ಷವಾಗಿತ್ತಂತೆ. ಅದನ್ನೂ ಅವಳು ಮಳೆ ಬಂತು ಅನ್ನುವ ಹಾಗೆ ಹೇಳಿದಳು. ಸ್ಟವ್ ಹಚ್ಚಿ ಕಾಫಿಗಿಟ್ಟು ನನ್ನೆದುರು ನೆಲದ ಮೇಲೆ ಕೂತಳು.

“ನಿದ್ದೆ ಹೇಗಮ್ಮ?”

“ಪರವಾಗಿಲ್ಲ ಮೇಡಂ.”

“ಮಗು ಜೊತೆ ಕೂತು ಊಟ ಮಾಡಕ್ಕೆ ಟೈಮ್ ಸಿಗತ್ತಾ?”

“ಹ್ಞೂಂ, ಪರವಾಗಿಲ್ಲ.”

“ಕೆಲಸಕ್ಕೆ ಹೋದಾಗ ಮನೆ ಬಗ್ಗೆ ಮನಸ್ಸು ಹೇಗಿರತ್ತೆ?”

ಅವಳ ಕೈ ಕೊರಳಿಗೆ ಹೋಯಿತು. ಅರಿಶಿನ ದಾರದಲ್ಲಿ ಒಂದು ಬೀಗದ ಕೈ ನೇತಾಡುತ್ತಿತ್ತು. ಅದನ್ನು ಬೆರಳಲ್ಲಿ ತಿರುವುತ್ತಾ, “ಪರವಾಗಿಲ್ಲ ಮೇಡಂ, ನಡೀತಿದೆ” ಎಂದಳು.

ಐದೂ ಚೌಕಗಳನ್ನು ಓದಿ ಹೇಳಿ ಉತ್ತರ ಪಡೆಯಬೇಕು ಎಂಬುದು ನಿಯಮ. ಓದಲಿಲ್ಲ. ಯಾಕೆ ಓದಲಿ? ನಾನು ಊಹಿಸಿದ ಪದವೇ ಅವಳ ಬಾಯಿಂದ ಉದುರುತ್ತಿತ್ತು. ಖುಷಿಯಿಂದ ನಾಲ್ಕು, ನಾಲ್ಕು, ನಾಲ್ಕು ಎಂದು ಗುರುತು ಹಾಕುತ್ತಾ ಹೋದೆ. ಬೀದಿಯ ಉಳಿದ ಮನೆಗಳಲ್ಲೂ ಇದೇ ಮಾತು. ಕೊನೆಗೆ, ಬೀದಿಗೆ ಏನಾದರೂ ಬೇಕೇ ಎಂದು ಕೇಳಿದಾಗ ಎಲ್ಲರೂ ಒಂದೇ ಮಾತು ಹೇಳಿದರು: “ಸಂಜೆವರೆಗೂ ಮಕ್ಕಳನ್ನ ನೋಡ್ಕೊಳೋಕೆ ಒಂದು ಜಾಗ ಇದ್ದಿದ್ರೆ...” ಅದನ್ನೂ ಬರೆದುಕೊಂಡೆ. ಅವರ ಕಾಫಿ ಕುಡಿದು ಬಂದೆ.

ತಿಂಗಳಾದ ಮೇಲೆ ಮುಖ್ಯಸ್ಥೆ ಫೋನ್ ಮಾಡಿದಳು. ಎಂಟು ಬೀದಿಗಳಲ್ಲಿ ಹೆಗ್ಗನಹಳ್ಳಿಯ ಬೀದಿಯೇ ನೆಮ್ಮದಿಯಲ್ಲಿ ಮೊದಲಂತೆ. “ವರಮಾನಕ್ಕೂ ನೆಮ್ಮದಿಗೂ ಸಂಬಂಧ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಮೇಡಂ!” ಅವಳ ದನಿಯಲ್ಲಿ ಸಂಭ್ರಮ. ಎಲ್ಲಕ್ಕಿಂತ ಕೊನೆಗೆ ಬಂದದ್ದು ಯಾವ ಬೀದಿ ಎಂದು ಕೇಳಿದೆ. ಸ್ವಲ್ಪ ತಡವರಿಸಿ ಹೇಳಿದಳು. ನಮ್ಮದೇ. ಬಸವೇಶ್ವರನಗರದಲ್ಲಿ ನಾನಿರುವ ಬೀದಿ.

ಗಂಡನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ನಮ್ಮ ಬೀದಿಯಲ್ಲಿ ಸಮೀಕ್ಷೆ ಮಾಡಿದವರು ಬೇರೆ. ನಮ್ಮವರು ಒಂದೊಂದು ಪ್ರಶ್ನೆಗೂ ಎದ್ದುನಿಂತು ಉತ್ತರ ಕೊಟ್ಟಿದ್ದರು. ಪಕ್ಕದ ಮನೆ ನಾಯಿ ಬೊಗಳಿ ನಿದ್ದೆಯಿಲ್ಲ: ಒಂದು. ಗೇಟಿನ ಮುಂದೆ ಯಾರೋ ಕಾರು ನಿಲ್ಲಿಸುತ್ತಾರೆ: ಒಂದು. ನನ್ನ ಗಂಡನೂ ಊಟದ ಹೊತ್ತಿನ ಪ್ರಶ್ನೆಗೆ ಒಂದು ಹಾಕಿಸಿದ್ದರು, ನಾನು ಟಿ.ವಿ. ನೋಡಿಕೊಂಡು ಬಡಿಸುತ್ತೇನಂತೆ. ಹಿರಿಯರ ಯೋಗಕ್ಕೆ, ಹರಟೆಗೆ ಕೋಣೆ ಬೇಕೆಂದು ಎಲ್ಲರೂ ಸಹಿ ಹಾಕಿದ್ದರು.

“ಅಳೋ ಮಗೂಗೇ ಹಾಲು ಕಣೇ. ನಾವು ಅಳಕ್ಕೆ ಕಲ್ತಿದೀವಿ. ನಿನ್ನ ನೆಮ್ಮದಿ ಅಳೆಯೋ ಟೇಪೂ ಸೊಟ್ಟಗೇ ಇದೆ, ತಿಳ್ಕೋ.”

ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಅವರು ಹೇಳಿದ್ದು ತಪ್ಪು ಎಂದಲ್ಲ.

ಅದೇ ವಾರ ಬುಧವಾರ, ವರದಿಯಲ್ಲಿ ಹಾಕಲು ನೆಮ್ಮದಿಯ ಬೀದಿಯ ಫೋಟೋ ಬೇಕೆಂದು ಮುಖ್ಯಸ್ಥೆ ನನ್ನನ್ನು ಶಾಲೆಯಿಂದ ನೇರವಾಗಿ ಹೆಗ್ಗನಹಳ್ಳಿಗೆ ಕರೆದುಕೊಂಡು ಹೋದಳು. ನಾಲ್ಕು ಗಂಟೆ. ಬೀದಿ ಬಿಕೋ ಎನ್ನುತ್ತಿತ್ತು, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಎದುರುಮನೆಯ ಹೊಸ್ತಿಲಲ್ಲಿ ಒಬ್ಬ ಅಜ್ಜಿ ಮರದ ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿತ್ತು. ಹಸಿರು ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಹಿಂದೆ ಮಗು ಅಳುತ್ತಿತ್ತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಅಜ್ಜಿ, ಒಳಗೆ ಮಗು ಇದೆಯಲ್ಲ?”

“ಹ್ಞೂಂ. ಬೆಳಿಗ್ಗೆ ಪಕ್ಕದ್ಮನೆಯೋಳು ನೋಡ್ಕೊತಾಳೆ. ಮೂರಕ್ಕೆ ಅವ್ಳು ಮನೆಗೆಲಸಕ್ಕೆ ಹೋಗ್ತಾಳಲ್ಲ, ಆಮೇಲೆ ಬೀಗ. ಆರೂವರೆಗೆ ಅವ್ರಮ್ಮ ಬರ್ತದೆ.” ಅಜ್ಜಿ ಕೈ ನಿಲ್ಲಿಸಲಿಲ್ಲ. “ಪರವಾಗಿಲ್ಲ ಬಿಡವ್ವ. ಅತ್ತು ಅತ್ತು ಮಲ್ಕೊಳ್ತದೆ.”

ನನ್ನ ಪದ! ಕಪಾಳಕ್ಕೆ ಬಾರಿಸಿದ ಹಾಗಾಯಿತು. ಬಾಗಿಲ ಹತ್ತಿರ ಹೋದೆ. ಚಪ್ಪಲಿ ಒದ್ದೆಯಾಯಿತು. ಹೊಸ್ತಿಲ ಅಡಿಯಿಂದ ನೀರು ಹರಿದು ಹೊರಗೆ ಬರುತ್ತಿತ್ತು. ದಿನ ಬಿಟ್ಟು ದಿನ ನೀರು ಬರುವ ಬೀದಿ, ಎಲ್ಲರ ಮನೆಯಲ್ಲೂ ನಲ್ಲಿ ಕೂರಿಸಿದ ಡ್ರಮ್ಮು ಇರುತ್ತದೆ. ಮಗು ಆ ನಲ್ಲಿ ತಿರುಗಿಸಿತ್ತು. ಕಿಟಕಿಯ ಒಂದು ಬಾಗಿಲು ಬೆರಳಗಲ ತೆರೆದಿತ್ತು. ಕಣ್ಣಿಟ್ಟು ನೋಡಿದೆ. ನೆಲದ ಮೇಲೆ ಟೇಬಲ್ ಫ್ಯಾನು ತಿರುಗುತ್ತಿತ್ತು. ಅದರ ವಯರು ಕೋಣೆಯ ನಡುವೆ ಹಾದು, ನೆಲದ ಮೇಲೇ ಇದ್ದ ಪ್ಲಗ್ಗಿನ ಪೆಟ್ಟಿಗೆಗೆ ಸೇರಿತ್ತು. ನೀರು ಆ ಪೆಟ್ಟಿಗೆಯಿಂದ ಗೇಣು ದೂರದಲ್ಲಿತ್ತು. ಮಗು ಕಾಣಲಿಲ್ಲ.

ಅಷ್ಟರಲ್ಲಿ ಅಳು ನಿಂತಿತು.

ಅಳುವಾಗ ಇಲ್ಲದ ಭಯ ಅದು ನಿಂತಾಗ ಬಂತು. “ಪುಟ್ಟೀ! ಪುಟ್ಟೀ!” ಎಂದು ಕಿರುಚಿದೆ. ಉತ್ತರವಿಲ್ಲ.

“ಅವ್ರಮ್ಮನಿಗೆ ಫೋನ್ ಮಾಡಿ ಅಜ್ಜಿ!”

“ಫೋನು ಗೇಟಲ್ಲೇ ಇಸ್ಕೊಂಡ್ಬಿಡ್ತಾರವ್ವ, ಒಳಕ್ಕೆ ಬಿಡಾಕಿಲ್ಲ.” ಈಗ ಅಜ್ಜಿಯ ಕೈಯೂ ನಿಂತಿತ್ತು.

“ಮೇಡಂ, ಕರೆಂಟು!” ಎಂದು ಮುಖ್ಯಸ್ಥೆ ಕೂಗಿ, ಕ್ಯಾಮೆರಾ ಅಜ್ಜಿಯ ಮಡಿಲಿಗೆ ಎಸೆದು, ಸಾಲಿನ ಕೊನೆಯಲ್ಲಿದ್ದ ಮೀಟರಿನ ಪೆಟ್ಟಿಗೆಗೆ ಓಡಿದಳು. ಮನೆಗಳ ನಡುವೆ ಎಲ್ಲರಿಗೂ ಸೇರಿದ ಒಂದು ಹಳೆಯ ರುಬ್ಬುವ ಕಲ್ಲು ಬಿದ್ದಿತ್ತು. ಅದರ ಗುಂಡನ್ನು ಎತ್ತಿದೆ. ನನ್ನ ಸೊಂಟಕ್ಕೆ ಡಾಕ್ಟರು ಕೊಡಪಾನ ಕೂಡ ಎತ್ತಬೇಡಿ ಎಂದಿದ್ದರು. ಶಿವನೇ ಶಿವನೇ ಎನ್ನುತ್ತಾ ಬೀಗದ ಮೇಲೆ ಹಾಕಿದೆ. ಬೀಗ ಜಪ್ಪಯ್ಯ ಅನ್ನಲಿಲ್ಲ. ಎರಡನೇ ಸಲಕ್ಕೆ ನನ್ನ ಹೆಬ್ಬೆರಳು ಜಜ್ಜಿತು. ಒಳಗೆ ಫ್ಯಾನಿನ ಸದ್ದು ಅಡಗಿದ್ದು ಕೇಳಿಸಿತು, ಅವಳು ಫ್ಯೂಸು ಕಿತ್ತಿದ್ದಳು. ಮೂರನೇ ಸಲಕ್ಕೆ ಬೀಗ ಹಾಗೇ ಇತ್ತು, ಚಿಲಕವೇ ಸ್ಕ್ರೂ ಸಮೇತ ಮರದಿಂದ ಕಿತ್ತು ಬಂತು.

ಮಗು ಬಾಗಿಲ ಹಿಂದಿನ ಮೂಲೆಯಲ್ಲಿ, ಮಡಿಸಿಟ್ಟ ಹಾಸಿಗೆಯ ಮೇಲೆ ಕೂತಿತ್ತು. ಸೊಂಟದವರೆಗೂ ಒದ್ದೆ. ಒಂದು ಪುಟ್ಟ ದಿಂಬನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಾ ಅದಕ್ಕೆ ಏನೋ ಹೇಳುತ್ತಿತ್ತು. ಏನು ಹೇಳುತ್ತಿದೆಯೆಂದು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಾಚಿ ತಬ್ಬಿಕೊಂಡೆ. ಅಷ್ಟು ಜೋರಾಗಿ ಅತ್ತದ್ದು ನಾನು, ಮಗುವಲ್ಲ.

ಆರೂವರೆಗೆ ತಾಯಿ ಬಂದಳು. ತೆರೆದ ಬಾಗಿಲು, ನೆಲ ಒರೆಸುತ್ತಿದ್ದ ನಾನು, ಅಜ್ಜಿಯ ತೊಡೆಯ ಮೇಲೆ ಮಗು. ಮೊದಲು ಮಗುವನ್ನು ಕಸಿದುಕೊಂಡು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿದಳು. ಆಮೇಲೆ ಕಿತ್ತುಹೋದ ಚಿಲಕ ನೋಡಿದಳು. ಅವಳು ಕೈ ಮುಗಿಯುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಅಂದುಕೊಂಡಿದ್ದೆ.

“ಯಾರ್ ಹೇಳಿದ್ರು ನಿಮಗೆ ಬಾಗಿಲು ಒಡೀರಿ ಅಂತ?”

“ಅಲ್ಲಮ್ಮ, ನೀರು, ಕರೆಂಟು...”

“ಗೊತ್ತಾಯ್ತು, ಅಜ್ಜಿ ಹೇಳ್ತು. ಈಗ ಓನರ್‌ಗೂ ಗೊತ್ತಾಗತ್ತೆ. ಮಗೂನ ಕೂಡಿಹಾಕ್ತಾಳೆ ಅಂತ ಮನೆ ಬಿಡಿಸ್ತಾರೆ. ನಿಮ್ ಆಫೀಸಿನೋರು ಇನ್ಯಾರಿಗೋ ಹೇಳಿ ಮಗೂನೇ ಎತ್ಕೊಂಡ್ ಹೋಗ್ತಾರೆ. ನಾಳೆ ನಾನ್ ಕೆಲಸಕ್ಕೆ ಹೆಂಗ್ ಹೋಗ್ಲಿ, ಚಿಲ್ಕ ಇಲ್ದಿರೋ ಬಾಗಿಲು ಬಿಟ್ಟು? ಹೋದ್ ಸಲ ಬೀಗ ಹಾಕ್ದೆ ಅಜ್ಜಿ ಹತ್ರ ಬಿಟ್ಟಿದ್ದೆ. ಅಜ್ಜಿಗೆ ಮಂಡಿ ಎತ್ತೋಕಾಗಲ್ಲ. ಇದು ಮೇನ್ ರೋಡ್‌ವರೆಗೂ ಓಡ್ಹೋಗಿತ್ತು, ಟ್ಯಾಂಕರ್ ಡ್ರೈವರ್ ಬ್ರೇಕ್ ಹಾಕ್ದ. ಟ್ಯಾಂಕರ್ ಕೆಳಗೆ ಹೋಗೋಕಿಂತ ಬೀಗದೊಳಗಿರ್ಲಿ ಅಂತ ಹಾಕಿದೀನಿ ಮೇಡಂ. ಆಸೆಗೆ ಹಾಕಿಲ್ಲ.”

ನನಗೂ ರೇಗಿತು. “ಮತ್ತೆ ನಾನು ಕೇಳ್ದಾಗ ಯಾಕ್ ಹೇಳ್ಲಿಲ್ಲ? ಪರವಾಗಿಲ್ಲ ಅಂದ್ರಲ್ಲ?”

“ಇನ್ನೇನ್ ಹೇಳ್ಲಿ? ಬಂದೋರಿಗೆಲ್ಲ ಕಷ್ಟ ಹೇಳ್ಕೊಂಡ್ ಕೂತ್ರೆ ಕಾಫಿ ಯಾವಾಗ ಕಾಯ್ಸ್ಲಿ?” ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ಬರ್ಕೊಂಡ್ ಹೋದ್ರಲ್ಲ, ಪರವಾಗಿಲ್ಲ ಅಂತ. ಅಷ್ಟ್ ಸಾಕು. ಹೋಗಿ.”

ಬೆಳಿಗ್ಗೆ ಏಳಕ್ಕೆ ಬಡಗಿಯನ್ನು ಕಳಿಸಿ ಚಿಲಕ ಹಾಕಿಸುತ್ತೇನೆ ಎಂದಷ್ಟೇ ಹೇಳಿ ಬಂದೆ. ಹಾಕಿಸಿದೆ ಕೂಡ. ನಾನೇ ಕಿತ್ತ ಚಿಲಕವನ್ನು, ಅದರ ಹಿಂದೆ ಮಗು ಮತ್ತೆ ಇರುತ್ತದೆಂದು ಗೊತ್ತಿದ್ದೂ, ನಾನೇ ಹಾಕಿಸಿದೆ. ಅದಕ್ಕಿಂತ ನೀಚ ಕೆಲಸ ನನ್ನ ಜೀವನದಲ್ಲಿ ಮಾಡಿಲ್ಲ.

ಮನೆಯಲ್ಲಿ ಹೆಬ್ಬೆರಳಿಗೆ ಐಸು ಹಿಡಿದು ಕೂತಿದ್ದಾಗ ಗಂಡ ನಗಲಿಲ್ಲ. ಎಲ್ಲ ಕೇಳಿ, “ಅವಳು ಹೊಲ್ದಿರೋ ಶರ್ಟನ್ನ ನಾನು ಲೆಕ್ಕಕ್ಕೆ ತಗೋತೀನಿ, ಬೆಳವಣಿಗೆ ಅಂತೀನಿ. ಬೀಗ ನನ್ನ ಲೆಕ್ಕದಲ್ಲಿಲ್ಲ, ಒಪ್ತೀನಿ” ಎಂದರು. ಹೊಸ ಐಸು ತಂದುಕೊಟ್ಟು, “ಆದ್ರೆ ನಿನ್ನ ಲೆಕ್ಕದಲ್ಲೂ ಇರ್ಲಿಲ್ಲ ಕಣೇ” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಇಷ್ಟು ಸರಿಯಾಗಿ ಎಂದೂ ಮಾತಾಡಿರಲಿಲ್ಲ.

ಮರುದಿನ ಮುಖ್ಯಸ್ಥೆಯ ಆಫೀಸಿಗೆ ಹೋದೆ. ಅವಳ ಕಣ್ಣಿನ ಸುತ್ತ ಕಪ್ಪು, ಅವಳೂ ನಿದ್ದೆ ಮಾಡಿರಲಿಲ್ಲ.

“ಪದ ಬದಲಾಯಿಸಿ” ಎಂದೆ.

“ಆಗಲ್ಲ ಮೇಡಂ. ಎಂಟು ಬೀದೀಲೂ ಅದೇ ಹಾಳೆ. ಒಂದು ಬೀದಿಗೆ ಬೇರೆ ಪದ ಹಾಕಿದ್ರೆ ಹೋಲಿಸೋದಕ್ಕೇ ಆಗಲ್ಲ. ನಾವು ಕಣ್ಣಾರೆ ನೋಡಿದ್ವಿ ಅಂತ ನಾವೇ ಉತ್ತರ ತಿದ್ದೋ ಹಾಗಿಲ್ಲ. ಇವತ್ತು ಒಳ್ಳೇದಕ್ಕೆ ತಿದ್ತೀವಿ, ನಾಳೆ ಇನ್ಯಾರೋ ಇನ್ಯಾವುದಕ್ಕೋ ತಿದ್ತಾರೆ.”

ಅವಳು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು. “ನಾನು ಐದು ಚೌಕಾನೂ ಓದಿ ಹೇಳ್ಲಿಲ್ಲ. ನಿಯಮ ಮುರ್ದೋಳು ನಾನು. ಕನ್ನಡ ಮೇಡಂ ಕೆಲಸ ನೆಟ್ಟಗೆ ಮಾಡ್ಲಿಲ್ಲ ಅಂತ ಬರ್ಕೊಳಿ, ಸೈನ್ ಹಾಕ್ತೀನಿ.”

ಅವಳು ಪೆನ್ನು ಕೆಳಗಿಟ್ಟಳು. ಹಾಗಾದರೆ ದಾರಿಯಿದೆ ಎಂದಳು. ಭಾನುವಾರ ಆ ಬೀದಿಯಲ್ಲಿ ಮತ್ತೆ ಕೇಳಬಹುದು. ಅದೇ ಪ್ರಶ್ನೆ, ಅದೇ ಐದು ಚೌಕ, ಐದನ್ನೂ ಓದಬೇಕು. ನಾನು ಒಂದು ಮಾತೂ ಹೇಳಿಕೊಡಬಾರದು. ಅವಳೂ ಜೊತೆಗಿರುತ್ತಾಳೆ. ಮತ್ತೆ ಪರವಾಗಿಲ್ಲ ಎಂದರೆ ಮತ್ತೆ ನಾಲ್ಕೇ. ಸೋಮವಾರ ಬೆಳಿಗ್ಗೆ ಪಟ್ಟಿ ಹೋಗುತ್ತದೆ, ಕೋಣೆ ನಮ್ಮ ಬೀದಿಯ ಯೋಗಕ್ಕೆ.

ಗುರುವಾರ, ಶುಕ್ರವಾರ, ಶನಿವಾರ. ಗಡಿಯಾರದಲ್ಲಿ ನಾಲ್ಕಾದಾಗಲೆಲ್ಲ ನನ್ನ ಕಣ್ಣೆದುರು ಆ ಪ್ಲಗ್ಗಿನ ಪೆಟ್ಟಿಗೆ. ಬಡಗಿಯ ಕೈಲಿ ಅದನ್ನು ಗೋಡೆಯ ಮೇಲಕ್ಕೆ ಹೊಡೆಸಿದ್ದೆ. ಆದರೂ.

ಭಾನುವಾರ ಹೋದಾಗ ಅವಳು ಬಾಗಿಲ ಮುಂದೆ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ನೋಡಿ ತಲೆಯೆತ್ತಲಿಲ್ಲ. ಅಕ್ಕಪಕ್ಕದ ಹೆಂಗಸರೆಲ್ಲ ಹೊಸ್ತಿಲಿಗೆ ಬಂದು ನಿಂತರು. ಬುಧವಾರದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಅವಳು ಹೇಳಿದರೆ ಇವರೂ ಹೇಳುತ್ತಾರೆ, ಅವಳು ಬಾಯಿ ಮುಚ್ಚಿಕೊಂಡರೆ ಇವರದೂ ಮುಚ್ಚಿದ್ದೇ. ಮೊದಲು ಅವಳನ್ನೇ ಕೇಳಬೇಕಾಯಿತು. ಮಗು ಅವಳ ಸೆರಗು ಹಿಡಿದು ನಿಂತಿತ್ತು.

ನಿದ್ದೆಯ ಪ್ರಶ್ನೆ ಕೇಳಿ ಐದೂ ಚೌಕ ಓದಿದೆ. “ಪರವಾಗಿಲ್ಲ” ಎಂದಳು. ನಾಲ್ಕು. ಊಟದ ಪ್ರಶ್ನೆ. “ಪರವಾಗಿಲ್ಲ.” ನಾಲ್ಕು. ಬಟ್ಟೆಯನ್ನು ಕಲ್ಲಿಗೆ ಎತ್ತಿ ಎತ್ತಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿದ್ದ ಒಬ್ಬಿಬ್ಬರು ಒಳಗೆ ಹೋದರು. ನನಗೆ ಅವಳ ಭುಜ ಹಿಡಿದು ಅಲ್ಲಾಡಿಸುವಷ್ಟು ಕೋಪ, ಅಷ್ಟೇ ದುಃಖ. ಮುಖ್ಯಸ್ಥೆ ನನ್ನನ್ನೇ ನೋಡುತ್ತಿದ್ದಳು. ನಾಲಿಗೆ ಕಚ್ಚಿಕೊಂಡೆ.

“ಕೆಲಸಕ್ಕೆ ಹೋದಾಗ ಮನೆ ಬಗ್ಗೆ ಮನಸ್ಸು ಹೇಗಿರತ್ತೆ? ತೀರಾ ಕೆಟ್ಟದಾಗಿ, ಕಷ್ಟ, ಸುಮಾರು, ಪರವಾಗಿಲ್ಲ, ತುಂಬಾ ಚೆನ್ನಾಗಿ.”

ಅವಳ ಒದ್ದೆ ಕೈ ಕೊರಳಿನ ಬೀಗದ ಕೈಗೆ ಹೋಯಿತು, ಸೆರಗು ಹಿಡಿದಿದ್ದ ಮಗುವನ್ನು ಒಮ್ಮೆ ನೋಡಿ, “ತೀರಾ ಕೆಟ್ಟದಾಗಿ ಮೇಡಂ, ಒಂದು ಹಾಕಿ” ಎಂದಳು, ಒಳಗೆ ಹೋಗಿದ್ದವರು ಒಬ್ಬೊಬ್ಬರಾಗಿ ಮತ್ತೆ ಹೊಸ್ತಿಲಿಗೆ ಬಂದು ನಿಂತರು.